ಒಂದೇ ಹೆಸರು, ಎರಡು ಮಾತ್ರೆ: ಕಾಫಿ ಕೊಯ್ಲಿನ ಕಾಲದ ಒಂದು ಥೈರಾಯ್ಡ್ ತುರ್ತು ಪ್ರಕರಣ

ಇದು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಒಂದು ಸಣ್ಣ ಆಸ್ಪತ್ರೆಯ ಪ್ರಕರಣ. ಆ ರಾತ್ರಿ ಡ್ಯೂಟಿಯಲ್ಲಿದ್ದ ವೈದ್ಯ ನಾನೇ. ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಊರಿನ ಹೆಸರು ಬಿಟ್ಟಿದ್ದೇನೆ, ವಯಸ್ಸು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ. ನಾವು ಎಲ್ಲಿ ತಪ್ಪಿದೆವು, ಎಲ್ಲಿ ಸರಿ ಮಾಡಿಕೊಂಡೆವು ಅನ್ನುವುದನ್ನು ಮಾತ್ರ ಬದಲಿಸಿಲ್ಲ. ಔಷಧಿಯ ಪ್ರಮಾಣ ಬರೆದಿರುವುದು ನಮ್ಮಂಥ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ವೈದ್ಯರಿಗೆ, ನರ್ಸ್‌ಗಳಿಗೆ. ಮನೆಯಲ್ಲಿ ಯಾರೂ ಇದನ್ನು ನೋಡಿ ಮಾತ್ರೆ ನುಂಗಬಾರದು.

ಹಿನ್ನೆಲೆ

ಆಕೆಗೆ ಮೂವತ್ತನಾಲ್ಕು ವರ್ಷ. ಕಾಫಿ ತೋಟದ ಲೈನ್ ಮನೆಯಲ್ಲಿ ಗಂಡ, ಇಬ್ಬರು ಮಕ್ಕಳು, ನಾದಿನಿಯ ಜೊತೆ ವಾಸ. ಎಲ್ಲರೂ ಅದೇ ತೋಟದಲ್ಲಿ ಕೆಲಸಕ್ಕೆ ಹೋಗುವವರು.

ಸುಮಾರು ಒಂದೂವರೆ ವರ್ಷದ ಹಿಂದೆ ಆಕೆಗೆ ಎದೆ ಬಡಿತ ಜಾಸ್ತಿಯಾಗಿತ್ತು. ಕೈ ನಡುಗುತ್ತಿತ್ತು. ಚೆನ್ನಾಗಿ ಊಟ ಮಾಡಿದರೂ ಮೈ ಇಳಿಯುತ್ತಿತ್ತು. ಪೇಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಹಾರ್ಮೋನ್ ತುಂಬಾ ಹೆಚ್ಚಿರುವುದು ಗೊತ್ತಾಯಿತು. ಗ್ರೇವ್ಸ್ ಕಾಯಿಲೆ ಅಂದರು. ನಮ್ಮ ದೇಹವೇ ತಯಾರಿಸುವ ಒಂದು ಬಗೆಯ ಪ್ರತಿಕಾಯ ಥೈರಾಯ್ಡ್ ಗ್ರಂಥಿಯನ್ನು ಬಿಡದೆ ಕೆಣಕುತ್ತದೆ. ಗ್ರಂಥಿ ಹಗಲೂ ರಾತ್ರಿ ಹಾರ್ಮೋನ್ ತಯಾರಿಸುತ್ತಲೇ ಇರುತ್ತದೆ. ಅದನ್ನು ತಡೆಯಲು ಕಾರ್ಬಿಮಜೋಲ್ ಮಾತ್ರೆ ಕೊಟ್ಟರು. ಕೆಲವೇ ತಿಂಗಳಲ್ಲಿ ಆಕೆ ಸುಧಾರಿಸಿಕೊಂಡರು.

ಮಲೆನಾಡಿನಲ್ಲಿ ಕುತ್ತಿಗೆ ಊತ ಯಾರಿಗೂ ಹೊಸದಲ್ಲ. ಅಯೋಡಿನ್ ಕೊರತೆಯಿಂದ ಗಳಗಂಡ ಬರುತ್ತಿದ್ದ ಕಾಲವನ್ನು ಹಿರಿಯರು ನೋಡಿದ್ದಾರೆ. ದೇಶದಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ 1962ರಲ್ಲೇ ಶುರುವಾಯಿತು. ಆಮೇಲೆ ಅಯೋಡಿನ್ ಬೆರೆಸಿದ ಉಪ್ಪು ಮನೆಮನೆಗೆ ಬಂತು. ಹಾಗಾಗಿ ಈಗ ಯಾರಿಗಾದರೂ ಕುತ್ತಿಗೆ ಊದಿದರೆ ಜನ ಅಷ್ಟು ಗಾಬರಿಯಾಗುವುದಿಲ್ಲ. "ಥೈರಾಯ್ಡ್ ಇದೆ" ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸುತ್ತಾರೆ. ಹಾರ್ಮೋನ್ ಕಡಿಮೆ ಇದ್ದರೂ ಅದೇ ಮಾತು, ಜಾಸ್ತಿ ಇದ್ದರೂ ಅದೇ ಮಾತು. ಈ ಪ್ರಕರಣದ ಗಂಟು ಇರುವುದು ಇಲ್ಲೇ. ಆದರೆ ಅದು ನನಗೆ ಗೊತ್ತಾಗಿದ್ದು ತಡವಾಗಿ.

ಆ ಸಂಜೆ

ಜನವರಿ ಕೊನೆಯ ವಾರ. ರೊಬಸ್ಟಾ ಕೊಯ್ಲು ಜೋರಾಗಿ ನಡೆಯುತ್ತಿತ್ತು. ರಾತ್ರಿ ಎಂಟು ಇಪ್ಪತ್ತಕ್ಕೆ ಜೀಪಿನಲ್ಲಿ ಕರೆತಂದರು. ಗಂಡ, ಗಂಡನ ಅಣ್ಣ, ನಾದಿನಿ ಜೊತೆಗಿದ್ದರು. ಆಕೆ ಸ್ವೆಟರ್ ಹಾಕಿಕೊಂಡು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಮೇಲೊಂದು ಕಂಬಳಿ ಹೊದ್ದಿದ್ದರು.

"ಮೂರು ದಿನದಿಂದ ಜ್ವರ ಡಾಕ್ಟ್ರೆ. ವಾಂತಿ, ಭೇದಿ. ನಿನ್ನೆ ಒಂದು ಕ್ಲಿನಿಕ್ಕಲ್ಲಿ ಇಂಜೆಕ್ಷನ್ ಕೊಟ್ಟು ಎರಡು ಬಾಟ್ಲಿ ಗ್ಲೂಕೋಸ್ ಹಾಕಿದ್ರು. ಇವತ್ತು ಮಧ್ಯಾಹ್ನದಿಂದ ಏನೇನೋ ಮಾತಾಡ್ತಾಳೆ. ನಮ್ಮ ಗುರುತೇ ಸಿಗ್ತಿಲ್ಲ. ಮಂಗನ ಕಾಯಿಲೆ ಇರ್ಬಹುದಾ?" ಅಂತ ಗಂಡ ಕೇಳಿದರು.

ಆ ಪ್ರಶ್ನೆ ಸುಮ್ನೆ ಬಂದದ್ದಲ್ಲ. ನಮ್ಮ ಕಡೆ ಚಳಿಗಾಲದಿಂದ ಬೇಸಿಗೆಯವರೆಗೆ, ತೋಟ ಕಾಡಿಗೆ ಹೋಗುವವರಿಗೆ ಜ್ವರ ಬಂದು ಮಾತು ತಪ್ಪಿದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆಯೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಅದನ್ನು ಗುರುತಿಸಿದಾಗಿನಿಂದ ಅದರ ಭಯ ಮಲೆನಾಡನ್ನು ಬಿಟ್ಟಿಲ್ಲ. ನನ್ನ ತಲೆಯಲ್ಲೂ ಮೊದಲು ಬಂದದ್ದು ಅದೇ. ಅದರ ಹಿಂದೆ ಇಲಿ ಜ್ವರ, ಡೆಂಗಿ, ಮೆದುಳು ಜ್ವರ, ರಕ್ತಕ್ಕೆ ಹರಡಿದ ಸೋಂಕು.

ಜ್ವರ 103.4 ಡಿಗ್ರಿ ಫ್ಯಾರನ್‌ಹೀಟ್. ರಕ್ತದೊತ್ತಡ 150/60. ನಾಡಿ ತುಂಬಾ ವೇಗ, ಲಯವೂ ತಪ್ಪಿತ್ತು. ಇಸಿಜಿಯಲ್ಲಿ ಬಡಿತ 164, ಹೃತ್ಕರ್ಣದ ಕಂಪನ, ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ನಡುಗುವುದು, ಸ್ಪಷ್ಟವಾಗಿತ್ತು. ಆಮ್ಲಜನಕ 94. ಸಕ್ಕರೆ ಸರಿಯಿತ್ತು. ಆಕೆ ಹಾಸಿಗೆಯಲ್ಲಿ ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. ಹೊದಿಕೆ ಕಿತ್ತೆಸೆಯುತ್ತಿದ್ದರು. ರೈಟರ್ (ತೋಟದ ಲೆಕ್ಕ ಬರೆಯುವವರು) ತೂಕ ಸರಿ ಬರೆದಿಲ್ಲ, ಚೀಲ ಮತ್ತೆ ತೂಗಿ ಅಂತ ಕೂಗುತ್ತಿದ್ದರು.

ಸೋಂಕಿನ ಜ್ವರ ಅಂತಲೇ ಚಿಕಿತ್ಸೆ ಶುರು ಮಾಡಿದೆ. ರಕ್ತ, ಮೂತ್ರದ ಮಾದರಿ ತೆಗೆದುಕೊಂಡೆವು. ಹೆರಿಗೆಯ ವಯಸ್ಸಿನವರಾದ್ದರಿಂದ ಗರ್ಭ ಪರೀಕ್ಷೆಯನ್ನೂ ಮಾಡಿದೆವು, ನೆಗೆಟಿವ್ ಬಂತು. ಆಂಟಿಬಯೋಟಿಕ್, ಪ್ಯಾರಾಸಿಟಮಾಲ್ ಕೊಟ್ಟೆವು. ವಾಂತಿ ಭೇದಿಯಿಂದ ಸೊರಗಿದ್ದಾರೆ ಅಂದುಕೊಂಡು ಒಂದು ಲೀಟರ್ ಸಲೈನ್ ವೇಗವಾಗಿ ಹಾಕಿಸಿದೆ.

ಜ್ವರ ಇಳಿಯಿತು, ನಾಡಿ ಇಳಿಯಲಿಲ್ಲ

ಒಂಬತ್ತೂ ಕಾಲಿಗೆ ಮತ್ತೆ ನೋಡಿದಾಗ ಜ್ವರ 101.6ಕ್ಕೆ ಬಂದಿತ್ತು. ನಾಡಿ 160. ಆಗ ಮೊದಲ ಬಾರಿಗೆ ಅನುಮಾನ ಬಂತು. ಜ್ವರ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ನಾಡಿ ಸುಮಾರು ಹತ್ತು ಏರುತ್ತದೆ ಅಂತ ನಾವೆಲ್ಲ ಓದಿದ್ದೇವೆ. ಆ ಲೆಕ್ಕದಲ್ಲಿ ಆಕೆಯ ನಾಡಿ ಈಗ 110ರ ಸುತ್ತ ಇರಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ಮಂಗನ ಕಾಯಿಲೆಯಲ್ಲಿ ಜ್ವರಕ್ಕೆ ಹೋಲಿಸಿದರೆ ನಾಡಿ ನಿಧಾನವಾಗಿರುವುದೇ ಹೆಚ್ಚು. ಇಲ್ಲಿ ಪೂರ್ತಿ ಉಲ್ಟಾ. ರಕ್ತದೊತ್ತಡದ ಮೇಲಿನ ಮತ್ತು ಕೆಳಗಿನ ಸಂಖ್ಯೆಗಳ ನಡುವೆ ತೊಂಬತ್ತರ ಅಂತರ. ಅಂಗೈ ಬಿಸಿಯಾಗಿ, ಬೆವರಿನಿಂದ ಒದ್ದೆಯಾಗಿತ್ತು. ಇದು ಸೋಂಕೊಂದರಿಂದಲೇ ಆಗುವ ಚಿತ್ರವಲ್ಲ ಅನ್ನಿಸಿತು. ಆದರೆ ಮತ್ತೇನು ಅನ್ನುವುದು ಹೊಳೆಯಲಿಲ್ಲ.

ಅಷ್ಟರಲ್ಲಿ ಉಸಿರಾಟವೂ ವೇಗವಾಯಿತು. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಎರಡೂ ಶ್ವಾಸಕೋಶಗಳ ಬುಡದಲ್ಲಿ ಚರಚರ ಸದ್ದು. ನಾನು ಹಾಕಿಸಿದ ಸಲೈನ್ ಅಲ್ಲಿ ಕೆಲಸ ಮಾಡಿತ್ತು. ಅಷ್ಟು ವೇಗವಾಗಿ ಓಡುತ್ತಿರುವ ಹೃದಯಕ್ಕೆ ನೀರು ಹೊರಿಸುವ ಮುಂಚೆ ಶ್ವಾಸಕೋಶ ಕೇಳಿ, ನಿಧಾನವಾಗಿ ಹಾಕಬೇಕಿತ್ತು. ಇಂಥವರಿಗೆ ನೀರಿನ ಕೊರತೆ ಇರುವುದು ನಿಜ, ದ್ರವ ಬೇಕಾಗುವುದೂ ನಿಜ. ಆದರೆ ಬಾಟಲಿ ಪೂರ್ತಿ ತೆರೆದು ಬಿಟ್ಟು ಬೇರೆ ರೋಗಿಯ ಕಡೆ ಹೋದದ್ದು ನನ್ನ ತಪ್ಪು. ಡ್ರಿಪ್ ನಿಲ್ಲಿಸಿದೆ.

ಆಮ್ಲಜನಕದ ಮಾಸ್ಕ್ ಹಾಕಲು ಸಿಸ್ಟರ್ ಮಫ್ಲರ್ ಬಿಚ್ಚಿದರು. ಬಿಚ್ಚಿದವರು ಹಾಗೇ ನಿಂತರು.

"ಡಾಕ್ಟ್ರೆ, ಇವರ ಕುತ್ತಿಗೆ ನೋಡಿ."

ಕುತ್ತಿಗೆಯ ಎರಡೂ ಕಡೆ ಒಂದೇ ಸಮನೆ ಊತ. ಕೈಯಿಟ್ಟರೆ ಮೆತ್ತಗೆ, ಬಿಸಿ. ಸ್ಟೆತಸ್ಕೋಪ್ ಇಟ್ಟು ಕೇಳಿದೆ. ಒಳಗೆ ರಕ್ತ ಹರಿಯುವ ಶೂ ಶೂ ಸದ್ದು. ಕಣ್ಣು ನೋಡಿದೆ. ಕಪ್ಪು ಗುಡ್ಡೆಗೂ ಮೇಲಿನ ರೆಪ್ಪೆಗೂ ನಡುವೆ ಬಿಳಿ ಕಾಣುತ್ತಿತ್ತು. ಒಂದು ಗಂಟೆಯಿಂದ ಆ ಕಣ್ಣನ್ನು ನೋಡುತ್ತಲೇ ಇದ್ದೆ, ಭಯ ಮತ್ತು ಬಡಬಡಿಕೆಯ ಕಣ್ಣು ಅಂತ ಅಂದುಕೊಂಡಿದ್ದೆ.

"ಒಂದು ದಿನಾನೂ ಬಿಟ್ಟಿಲ್ಲ"

ಹೊರಗೆ ಬಂದು ಗಂಡನನ್ನು ಕೇಳಿದೆ. "ಇವರಿಗೆ ಥೈರಾಯ್ಡ್ ಇದೆಯಾ?"

"ಇದೆ ಡಾಕ್ಟ್ರೆ. ಮಾತ್ರೆ ತಗೋತಿದಾಳಲ್ಲ. ಒಂದು ದಿನಾನೂ ಬಿಟ್ಟಿಲ್ಲ."

ಈ ಉತ್ತರಕ್ಕೆ ನಾನು ಅರ್ಧ ನಿಮಿಷ ಹಿಂದೆ ಸರಿದೆ. ಮಾತ್ರೆ ಬಿಡದೆ ತೆಗೆದುಕೊಳ್ಳುತ್ತಿದ್ದರೆ ಹಾರ್ಮೋನ್ ಈ ಮಟ್ಟಕ್ಕೆ ಹೇಗೆ ಏರುತ್ತದೆ? ಬೇರೆ ಕಾರಣ ಹುಡುಕಬೇಕಾ? ಇಡೀ ರಾತ್ರಿಯಲ್ಲಿ ಅತಿ ಅಪಾಯದ ಘಳಿಗೆ ಯಾವುದು ಅಂತ ಈಗ ಕೇಳಿದರೆ ಅದೇ ಅರ್ಧ ನಿಮಿಷ ಅನ್ನುತ್ತೇನೆ. ಗಂಡ ಸುಳ್ಳು ಹೇಳಿರಲಿಲ್ಲ. ಅವರಿಗೆ ಗೊತ್ತಿದ್ದಷ್ಟನ್ನು ಸತ್ಯವಾಗಿಯೇ ಹೇಳಿದ್ದರು.

ಯಾಕೋ ಕೇಳಬೇಕು ಅನ್ನಿಸಿ, "ಯಾವ ಮಾತ್ರೆ? ಇದ್ದರೆ ತೋರಿಸಿ" ಅಂದೆ.

ಗಂಡನ ಹತ್ತಿರ ಇರಲಿಲ್ಲ. ನಾದಿನಿ ತಮ್ಮ ಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದುಕೊಟ್ಟರು. "ಇದೇ ಡಾಕ್ಟ್ರೆ. ನಂಗೂ ಥೈರಾಯ್ಡ್ ಇದೆ. ಅತ್ತಿಗೇದು ಖಾಲಿಯಾಗಿತ್ತು. ಕೊಯ್ಲು ಬಿಟ್ಟು ಪೇಟೆಗೆ ಹೋದ್ರೆ ಒಂದು ದಿನದ ಕೂಲಿ ಹೋಗತ್ತೆ ಅಲ್ವಾ, ನನ್ನ ಬಾಟ್ಲೀಲೇ ತಗೊಳ್ಳಿ ಅಂದೆ. ಇಬ್ರಿಗೂ ಥೈರಾಯ್ಡ್ ಮಾತ್ರೆನೇ."

ಬಾಟಲಿಯ ಮೇಲೆ ಥೈರಾಕ್ಸಿನ್ 100 ಮೈಕ್ರೋಗ್ರಾಂ ಅಂತ ಇತ್ತು.

ನಾದಿನಿಗೆ ಹಾರ್ಮೋನ್ ಕಡಿಮೆ. ಅವರು ತೆಗೆದುಕೊಳ್ಳುವ ಥೈರಾಕ್ಸಿನ್ ಅಂದರೆ ಥೈರಾಯ್ಡ್ ಹಾರ್ಮೋನೇ. ಅತ್ತಿಗೆಗೆ ಹಾರ್ಮೋನ್ ಜಾಸ್ತಿ. ಅವರಿಗೆ ಬೇಕಿದ್ದದ್ದು ಅದನ್ನು ತಡೆಯುವ ಕಾರ್ಬಿಮಜೋಲ್. ಡಿಸೆಂಬರ್ ಮೊದಲ ವಾರದಿಂದ, ಹೆಚ್ಚುಕಡಿಮೆ ಏಳು ವಾರ, ಆಕೆ ತಡೆಯುವ ಮಾತ್ರೆ ಬಿಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಪ್ಪದೆ ಹಾರ್ಮೋನನ್ನೇ ನುಂಗಿದ್ದರು. ಒಂದು ದಿನವೂ ಬಿಟ್ಟಿರಲಿಲ್ಲ.

ಅದರ ಮೇಲೆ ಮೂತ್ರದ ಸೋಂಕು. ಮೂತ್ರದಲ್ಲಿ ಕೀವಿನ ಕಣಗಳು ತುಂಬಿದ್ದವು. ತೋಟದಲ್ಲಿ ಹೆಂಗಸರು ಹಗಲಿಡೀ ನೀರು ಕಡಿಮೆ ಕುಡಿಯುತ್ತಾರೆ, ಮೂತ್ರ ತಡೆಹಿಡಿಯುತ್ತಾರೆ. ಹೋಗಲು ಜಾಗವಿಲ್ಲ, ಹೋದರೆ ಸಮಯ ಹಾಳು, ಕೊಯ್ದ ಹಣ್ಣಿನ ತೂಕ ಕಡಿಮೆಯಾಗುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ನಮ್ಮಲ್ಲಿಗೆ ಈ ತೊಂದರೆ ಹೇಳಿಕೊಂಡು ಬರುವ ಹೆಂಗಸರನ್ನು ನೋಡಿ ನನಗೆ ಪ್ರತಿ ವರ್ಷ ಸಂಕಟವಾಗುತ್ತದೆ. ಸಾಲುಸಾಲು ಕಾಫಿ ಗಿಡಗಳ ನಡುವೆ ಒಂದು ಶೌಚಾಲಯ ಕಟ್ಟಿಸುವುದು ಅಷ್ಟು ದೊಡ್ಡ ಖರ್ಚಲ್ಲ.

ಅಂಕದ ಲೆಕ್ಕ

ಇದನ್ನು ವೈದ್ಯರು ಥೈರಾಯ್ಡ್ ಸ್ಟಾರ್ಮ್ ಅನ್ನುತ್ತಾರೆ. ಹಾರ್ಮೋನ್ ಜಾಸ್ತಿ ಇರುವ ದೇಹ ಅಷ್ಟು ದಿನ ಹೇಗೋ ತಾಳಿಕೊಂಡಿರುತ್ತದೆ. ಸೋಂಕು, ಆಪರೇಷನ್, ಹೆರಿಗೆ, ಮಾತ್ರೆ ಬಿಟ್ಟದ್ದು, ಹೀಗೆ ಒಂದು ನೆಪ ಸಿಕ್ಕರೆ ಎಲ್ಲ ಅಂಗಗಳೂ ಒಟ್ಟಿಗೆ ಹದ ತಪ್ಪುತ್ತವೆ. ಜಪಾನಿನ ರಾಷ್ಟ್ರಮಟ್ಟದ ಸಮೀಕ್ಷೆಯಲ್ಲಿ ಚಿಕಿತ್ಸೆ ಸಿಕ್ಕವರಲ್ಲೂ ಹತ್ತರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನ ತೀರಿಕೊಂಡಿದ್ದರು.

ನಮ್ಮಲ್ಲಿ ಹಾರ್ಮೋನ್ ಪರೀಕ್ಷೆಯ ವರದಿ ಬರುವುದು ಮರುದಿನ. ಬಂದರೂ ಅದು ಸ್ಟಾರ್ಮ್ ಹೌದೋ ಅಲ್ಲವೋ ಹೇಳುವುದಿಲ್ಲ. ಓಡಾಡಿಕೊಂಡಿರುವ ರೋಗಿಯ ಹಾರ್ಮೋನ್ ಮಟ್ಟವೂ, ಸ್ಟಾರ್ಮ್‌ನಲ್ಲಿ ಬಿದ್ದ ರೋಗಿಯ ಮಟ್ಟವೂ ಒಂದೇ ಇರಬಹುದು. ಹಾಸಿಗೆಯ ಪಕ್ಕ ನಿಂತೇ ತೀರ್ಮಾನಿಸಬೇಕು. ಅದಕ್ಕೆ ಬರ್ಚ್ ಮತ್ತು ವಾರ್ಟೋಫ್‌ಸ್ಕಿ 1993ರಲ್ಲಿ ಕೊಟ್ಟ ಅಂಕಪಟ್ಟಿ ಇದೆ. ಕೇಸ್ ಶೀಟಿನ ಹಿಂದೆ ಬರೆದು ಕೂಡಿಸಿದೆ. ಬಂದಾಗಿನ ಜ್ವರಕ್ಕೆ 25. ಬಡಬಡಿಕೆಗೆ 20. ವಾಂತಿ ಭೇದಿಗೆ 10. ನಾಡಿ 140 ದಾಟಿದ್ದಕ್ಕೆ 25. ಶ್ವಾಸಕೋಶದ ಬುಡದ ಸದ್ದಿಗೆ 10. ಲಯ ತಪ್ಪಿದ್ದಕ್ಕೆ 10. ಕೆರಳಿಸಿದ ಕಾರಣ ಇರುವುದಕ್ಕೆ 10. ಒಟ್ಟು 110. ನಲವತ್ತೈದು ದಾಟಿದರೇ ಸ್ಟಾರ್ಮ್ ಅಂತ ಬಲವಾಗಿ ಶಂಕಿಸಬೇಕು. ಸಲೈನ್‌ನಿಂದ ಬಂದ ಹತ್ತನ್ನು ಕಳೆದರೂ ಅನುಮಾನಕ್ಕೆ ಜಾಗವಿರಲಿಲ್ಲ.

ಹೊರಡುವುದಾ, ಇಲ್ಲೇ ಶುರು ಮಾಡುವುದಾ

ಗಂಡನ ಅಣ್ಣ ಈ ಹೊತ್ತಿಗೆ ಜೀಪು ತಿರುಗಿಸಿ ನಿಲ್ಲಿಸಿದ್ದರು. "ಇಲ್ಲಿ ಐಸಿಯು ಇಲ್ಲ ಅಂತೀರಲ್ಲ, ಸೀದಾ ಮಂಗಳೂರಿಗೇ ಹೋಗ್ತೀವಿ" ಅಂತ ಅವರ ಹಟ. ಅವರ ಆತಂಕ ನನಗೆ ಅರ್ಥವಾಗುತ್ತಿತ್ತು. ಆದರೆ ರಾತ್ರಿ ಚಾರ್ಮಾಡಿ ಘಾಟಿ ಇಳಿದು ಗಂಟೆಗಟ್ಟಲೆ ಪ್ರಯಾಣ, ಒಂದೂ ಔಷಧಿ ಒಳಗೆ ಹೋಗದೆ, ನಾಡಿ 160 ಇರುವಾಗ? ಹತ್ತಿರದ ಐಸಿಯು ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ. ಅಲ್ಲಿನ ಫಿಜಿಷಿಯನ್‌ಗೆ ಫೋನ್ ಮಾಡಿದೆ. ಬೆಡ್ ಇದೆ, ಮೊದಲ ಸುತ್ತಿನ ಔಷಧಿ ಕೊಟ್ಟು ಕಳಿಸಿ ಅಂದರು.

"ಅಣ್ಣಾ, ನನಗೆ ಒಂದು ಗಂಟೆ ಕೊಡಿ. ಈಗ ಕೊಡುವ ಔಷಧಿ ದಾರಿಯಲ್ಲಿ ಕೆಲಸ ಮಾಡುತ್ತಿರುತ್ತೆ" ಅಂದೆ. ಅವರು ಕೀಲಿ ಜೇಬಿಗೆ ಹಾಕಿಕೊಂಡು ಬೆಂಚಿನ ಮೇಲೆ ಕೂತರು.

ಆಮೇಲೆ ಅಲಮಾರಿಯ ಮುಂದೆ ನಿಂತು ಏನೇನಿದೆ ನೋಡಿದೆವು. ಇಂಥ ಸಂದರ್ಭದಲ್ಲಿ ಹಾರ್ಮೋನ್ ತಡೆಯಲು ಪುಸ್ತಕಗಳು ಮೊದಲು ಹೇಳುವ ಪ್ರೊಪೈಲ್‌ಥಯೋಯುರಾಸಿಲ್ ನಮ್ಮಲ್ಲಿ ಇರಲಿಲ್ಲ. ಆದರೆ ಕಾರ್ಬಿಮಜೋಲ್ ಪಕ್ಕದ ಮೆಡಿಕಲ್ ಶಾಪಿನಲ್ಲಿ ಇತ್ತು. ಹೈಡ್ರೋಕಾರ್ಟಿಸೋನ್ ಇತ್ತು, ಉಬ್ಬಸಕ್ಕೆ ದಿನಾ ಬಳಸುವುದೇ ಅದು. ಹೃದಯದ ಬಡಿತ ನಿಧಾನಿಸುವ ಪ್ರೊಪ್ರನಲಾಲ್ ಇತ್ತು, ಅರೆತಲೆನೋವಿಗೆ ಕೊಡುವುದು. ಇದೆಲ್ಲ ನೋಡಿ ಸ್ವಲ್ಪ ಧೈರ್ಯ ಬಂತು. ದೊಡ್ಡ ಕಾಯಿಲೆ ನಿಜ, ಆದರೆ ಮೊದಲ ಗಂಟೆಗೆ ಬೇಕಾದ ಔಷಧಿಗಳಲ್ಲಿ ಹೆಚ್ಚಿನವು ತಾಲೂಕು ಮಟ್ಟದ ಅಲಮಾರಿಯಲ್ಲೇ ಸಿಗುತ್ತವೆ.

ಹೈಡ್ರೋಕಾರ್ಟಿಸೋನ್ 300 ಮಿ.ಗ್ರಾಂ ರಕ್ತನಾಳಕ್ಕೆ ಕೊಟ್ಟೆವು. ಟಿ4 ಹಾರ್ಮೋನ್ (ಅಂದರೆ ಥೈರಾಕ್ಸಿನ್) ಹೆಚ್ಚು ಶಕ್ತಿಯ ಟಿ3 ಆಗಿ ಬದಲಾಗುವುದನ್ನು ಅದು ತಗ್ಗಿಸುತ್ತದೆ, ದಣಿದ ಅಡ್ರಿನಲ್ ಗ್ರಂಥಿಗೂ ಆಸರೆಯಾಗುತ್ತದೆ. ಇಲ್ಲಿ ಅದು ಇನ್ನೂ ಮುಖ್ಯವಾಗಿತ್ತು. ಆಕೆಯ ರಕ್ತದಲ್ಲಿ ಗ್ರಂಥಿ ಬಿಟ್ಟ ಟಿ4 ಜೊತೆಗೆ ನುಂಗಿದ ಟಿ4 ಕೂಡ ಇತ್ತು. ಟಿ4 ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಒಂದು ವಾರ ಬೇಕು. ನುಂಗಿದ್ದನ್ನು ಕಾರ್ಬಿಮಜೋಲ್ ತಡೆಯಲಾರದು.

ಹತ್ತು ಗಂಟೆಗೆ ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಮೂಲಕ ಕಾರ್ಬಿಮಜೋಲ್ 30 ಮಿ.ಗ್ರಾಂ ಪುಡಿ ಮಾಡಿ ಕೊಟ್ಟೆವು. ಆಮೇಲೆ ಆರು ಗಂಟೆಗೊಮ್ಮೆ 20 ಮಿ.ಗ್ರಾಂ ಅಂತ ಬರೆದೆ.

ಪ್ರೊಪ್ರನಲಾಲ್ ಬಗ್ಗೆ ಕೈ ತಡೆಯಿತು. ಸ್ಟಾರ್ಮ್‌ನಲ್ಲಿ ನಾಲ್ಕು ಗಂಟೆಗೊಮ್ಮೆ 60ರಿಂದ 80 ಮಿ.ಗ್ರಾಂ ಅಂತ ಓದಿದ ನೆನಪು. ಆದರೆ ಶ್ವಾಸಕೋಶದಲ್ಲಿ ನೀರಿದೆ. ಹೃದಯ ವೇಗದಿಂದ ಸೋತಿದೆಯೋ, ಅದರ ಸ್ನಾಯುವೇ ಸೋತಿದೆಯೋ? ಸ್ನಾಯುವೇ ಸೋತಿದ್ದರೆ ಆ ಪ್ರಮಾಣ ರಕ್ತದೊತ್ತಡವನ್ನು ಕುಸಿದು ಹಾಕಬಹುದು. ಇಂಥ ಕಡೆ ಬೇಗ ಬಂದು ಬೇಗ ಹೋಗುವ ಎಸ್ಮೊಲಾಲ್ ಒಳ್ಳೆಯದು, ನಮ್ಮಲ್ಲಿ ಇರಲಿಲ್ಲ. ಎಕೋ (ಹೃದಯದ ಸ್ಕ್ಯಾನ್) ಮಾಡುವವರೂ ರಾತ್ರಿ ಇಲ್ಲ. ಫಿಜಿಷಿಯನ್ ಜೊತೆ ಮತ್ತೆ ಮಾತಾಡಿದೆ. ಕೈಕಾಲು ಬೆಚ್ಚಗಿದೆ, ಒತ್ತಡ 146 ಇದೆ, ಮೂತ್ರ ಬರುತ್ತಿದೆ, ಉಬ್ಬಸದ ಇತಿಹಾಸ ಇಲ್ಲ. ಇಬ್ಬರೂ ಸೇರಿ ತೀರ್ಮಾನಿಸಿದೆವು: ಮೊದಲು ಹೆಚ್ಚಿನ ನೀರನ್ನು ಮೂತ್ರದಲ್ಲಿ ಹೊರಹಾಕುವ ಫ್ಯೂರೋಸೆಮೈಡ್ 20 ಮಿ.ಗ್ರಾಂ, ಆಮೇಲೆ ಪ್ರೊಪ್ರನಲಾಲ್ ಬರೀ 20 ಮಿ.ಗ್ರಾಂ, ಹದಿನೈದು ನಿಮಿಷಕ್ಕೊಮ್ಮೆ ಒತ್ತಡ ನೋಡುವುದು. ಒತ್ತಡ ಬೀಳಲಿಲ್ಲ. ಮುಕ್ಕಾಲು ಗಂಟೆಯಲ್ಲಿ ನಾಡಿ 144 ಆಯಿತು.

ಜ್ವರಕ್ಕೆ ಪ್ಯಾರಾಸಿಟಮಾಲ್, ಉಗುರುಬೆಚ್ಚಗಿನ ನೀರಿನ ಬಟ್ಟೆ. ಆಸ್ಪಿರಿನ್ ಮಾತ್ರ ಕೊಡಬಾರದು. ಪ್ರೋಟೀನಿಗೆ ಅಂಟಿಕೊಂಡಿರುವ ಹಾರ್ಮೋನನ್ನು ಅದು ಬಿಡಿಸಿಬಿಡುತ್ತದೆ.

ಅಯೋಡಿನ್‌ಗೆ ಒಂದು ಗಂಟೆ ಕಾಯುವುದು

ಈ ಚಿಕಿತ್ಸೆಯಲ್ಲಿ ಎಲ್ಲರೂ ಎಡವುವ ಜಾಗ ಇದು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಥೈರಾಯ್ಡ್ ಗ್ರಂಥಿ ಹಾರ್ಮೋನ್ ತಯಾರಿಸುವುದಷ್ಟೇ ಅಲ್ಲ, ವಾರಗಟ್ಟಲೆ ಸಾಕಾಗುವಷ್ಟು ಕೂಡಿಟ್ಟಿರುತ್ತದೆ. ಕಾರ್ಬಿಮಜೋಲ್ ತಯಾರಿಕೆ ನಿಲ್ಲಿಸುತ್ತದೆ, ಆದರೆ ಗೋದಾಮಿನಿಂದ ಹಾರ್ಮೋನ್ ಹೊರಗೆ ಹೋಗುವುದು ನಿಲ್ಲುವುದಿಲ್ಲ. ಗೋದಾಮಿನ ಬಾಗಿಲು ಮುಚ್ಚುವುದು ಅಯೋಡಿನ್. ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಅದು ಹಾರ್ಮೋನ್ ಬಿಡುಗಡೆಯನ್ನು ಬೇಗ ತಡೆಯುತ್ತದೆ. ಆದರೆ ಹಾರ್ಮೋನ್ ತಯಾರಾಗುವುದೂ ಅಯೋಡಿನ್‌ನಿಂದಲೇ. ಕಾರ್ಬಿಮಜೋಲ್‌ಗಿಂತ ಮುಂಚೆ ಅಯೋಡಿನ್ ಕೊಟ್ಟರೆ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಓಡುತ್ತಿರುವಾಗ ಮೇಲಿಂದ ಇನ್ನಷ್ಟು ಹಣ್ಣು ಸುರಿದ ಹಾಗೆ. ಮೊದಲು ಪಲ್ಪರ್ ನಿಲ್ಲಬೇಕು. ಅದಕ್ಕೇ ಕನಿಷ್ಠ ಒಂದು ಗಂಟೆ ಅಂತರ.

ಅಯೋಡಿನ್ ಬೇಕು ಅಂದ ತಕ್ಷಣ ವಾರ್ಡಿನ ಹುಡುಗ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಬಾಟಲಿ ಹಿಡಿದು ಓಡಿ ಬಂದ. ಅದು ಮೈಮೇಲೆ ಹಚ್ಚಲು ಮಾತ್ರ, ಕುಡಿಸುವಂಥದ್ದಲ್ಲ. ಸಿಸ್ಟರ್ ಹೆರಿಗೆ ಕೋಣೆಯಿಂದ ಲ್ಯೂಗಾಲ್ ಅನ್ನುವ ಅಯೋಡಿನ್ ದ್ರಾವಣ ತಂದರು, ಗರ್ಭಕಂಠದ ತಪಾಸಣೆಗೆ ಇಟ್ಟದ್ದು. ಅದರ ಲೇಬಲ್ ಅರ್ಧ ಅಳಿಸಿಹೋಗಿತ್ತು. ಎಷ್ಟು ತೀಕ್ಷ್ಣ, ಯಾವಾಗಿನದು, ಗೊತ್ತಾಗಲಿಲ್ಲ. ಹೇಗೂ ಒಂದು ಗಂಟೆ ಕೈಯಲ್ಲಿತ್ತು. ಮೆಡಿಕಲ್ ಶಾಪಿನವರಿಗೆ ಹೇಳಿದಾಗ ಅವರು ಪೇಟೆಯ ಇನ್ನೊಂದು ಅಂಗಡಿಯವರನ್ನು ಮನೆಯಿಂದ ಎಬ್ಬಿಸಿ ಸೀಲ್ ಒಡೆಯದ ಬಾಟಲಿ ತರಿಸಿದರು. ಹನ್ನೊಂದು ಐದಕ್ಕೆ ಎಂಟು ಹನಿ ನೀರಿನಲ್ಲಿ ಬೆರೆಸಿ ಟ್ಯೂಬಿಗೆ ಹಾಕಿದೆವು. ಹಾರ್ಮೋನ್ ಪರೀಕ್ಷೆಯ ರಕ್ತವನ್ನು ಅದಕ್ಕೂ ಮುಂಚೆ ತೆಗೆದಿಟ್ಟಿದ್ದೆವು.

ಹನ್ನೊಂದೂವರೆಗೆ ಆಂಬುಲೆನ್ಸ್ ಹೊರಟಿತು. ಸಿಸ್ಟರ್ ಜೊತೆಗೆ ಹೋದರು. ಪತ್ರದಲ್ಲಿ ಪ್ರತಿ ಔಷಧಿಯ ಎದುರು ಕೊಟ್ಟ ಸಮಯ ಬರೆದಿದ್ದೆ. ಥೈರಾಕ್ಸಿನ್ ಬಾಟಲಿಯನ್ನೂ ಪತ್ರದ ಜೊತೆಗೇ ಕಟ್ಟಿ ಕಳಿಸಿದೆ. ಅಲ್ಲಿಯವರೂ "ಮಾತ್ರೆ ಬಿಟ್ಟಿಲ್ಲ" ಅನ್ನುವ ಮಾತಿಗೆ ಮೋಸ ಹೋಗಬಾರದಿತ್ತು.

ಆಮೇಲೆ

ಜಿಲ್ಲಾ ಕೇಂದ್ರದಲ್ಲಿ ಮರುದಿನ ಎಕೋ ಆಯಿತು. ಹೃದಯದ ಸ್ನಾಯು ಗಟ್ಟಿಯಾಗಿಯೇ ಇತ್ತು, ವೇಗದಿಂದ ಸೋತಿತ್ತು ಅಷ್ಟೇ. ಪ್ರೊಪ್ರನಲಾಲ್ ಹೆಚ್ಚಿಸಿದರು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟರು. ಕರುಳಿನಲ್ಲಿ ಸುತ್ತುವ ಹಾರ್ಮೋನನ್ನು ಹಿಡಿದು ಹೊರಹಾಕಲು ಕೊಲೆಸ್ಟೈರಮೀನ್ ಪುಡಿ ತರಿಸಿದರು. ನುಂಗಿದ ಥೈರಾಕ್ಸಿನ್ ಇರುವಾಗ ಅದು ಒಳ್ಳೆಯ ಯೋಚನೆ. ನನಗೆ ಹೊಳೆದಿರಲಿಲ್ಲ.

ವರದಿಗಳು ಒಂದೊಂದಾಗಿ ಬಂದವು. ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಏರಿದಾಗ ಇಳಿಯುವ ಹಾರ್ಮೋನ್) 0.01ಕ್ಕಿಂತ ಕಡಿಮೆ, ಫ್ರೀ ಟಿ4 ಯಂತ್ರ ಅಳೆಯುವ ಮಿತಿಗಿಂತ ಮೇಲೆ. ಮೂತ್ರದಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ. ಶಿವಮೊಗ್ಗದ ಲ್ಯಾಬಿಗೆ ಹೋಗಿದ್ದ ಮಂಗನ ಕಾಯಿಲೆಯ ಮಾದರಿ ನೆಗೆಟಿವ್.

ಮೂರನೇ ದಿನ ಆಕೆ ಮಕ್ಕಳ ಹೆಸರು ಹೇಳಿ ಕೇಳಿದರು. ಆರನೇ ದಿನ ಹೃದಯದ ಲಯ ತಾನಾಗೇ ಸರಿಯಾಯಿತು. ಒಂಬತ್ತನೇ ದಿನ ಮನೆಗೆ ಬಂದರು.

ಅಷ್ಟೂ ದಿನ ನಾದಿನಿ ಐಸಿಯು ಹೊರಗಿನ ಮೆಟ್ಟಿಲು ಬಿಟ್ಟು ಏಳಲಿಲ್ಲವಂತೆ. ಡಿಸ್ಚಾರ್ಜ್ ಆದಮೇಲೆ ನಮ್ಮಲ್ಲಿಗೆ ಬಂದಾಗಲೂ ಅವರು ಬಾಗಿಲ ಹತ್ತಿರವೇ ನಿಂತಿದ್ದರು. ನಾನೇ ಒಳಗೆ ಕರೆದೆ. "ನೀವು ಆ ಬಾಟ್ಲಿ ತರದೇ ಇದ್ದಿದ್ದರೆ ನನಗೆ ಗೊತ್ತಾಗ್ತಿರಲಿಲ್ಲ ಅಮ್ಮ. ಎರಡಕ್ಕೂ ಒಂದೇ ಹೆಸರಿಟ್ಟವರು ನಾವು" ಅಂದೆ. ಸಮಾಧಾನಕ್ಕೆ ಹೇಳಿದ್ದಲ್ಲ. ಆಕೆಯ ಹಳೆಯ ಚೀಟಿ ನೋಡಿದ್ದೆ. ಅದರ ಕೊನೆಯಲ್ಲಿ "ಥೈರಾಯ್ಡ್ ಮಾತ್ರೆ ಮುಂದುವರಿಸಿ" ಅಂತಷ್ಟೇ ಬರೆದಿತ್ತು. ನಾನೂ ಎಷ್ಟೋ ಚೀಟಿಗಳಲ್ಲಿ ಹಾಗೇ ಬರೆದಿದ್ದೇನೆ.

ಅವತ್ತಿನಿಂದ ನಮ್ಮ ಆಸ್ಪತ್ರೆಯಲ್ಲಿ ಎರಡು ಬದಲಾವಣೆ ಮಾಡಿಕೊಂಡೆವು. ಬಾಯಲ್ಲಿ ಹೇಳುವಾಗ ಥೈರಾಕ್ಸಿನ್‌ಗೆ "ಏರಿಸೋ ಮಾತ್ರೆ", ಕಾರ್ಬಿಮಜೋಲ್‌ಗೆ "ಇಳಿಸೋ ಮಾತ್ರೆ" ಅನ್ನುತ್ತೇವೆ, ಚೀಟಿಯಲ್ಲೂ ಕನ್ನಡದಲ್ಲಿ ಹಾಗೇ ಬರೆಯುತ್ತೇವೆ. ಇಳಿಸೋ ಮಾತ್ರೆಯವರಿಗೆ ಇನ್ನೊಂದು ಸಾಲು ಇರುತ್ತದೆ: ಗಂಟಲು ನೋವು, ಜ್ವರ ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಬನ್ನಿ. ಕಾರ್ಬಿಮಜೋಲ್ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಎರಡನೆಯದು, ತುರ್ತು ಟ್ರೇಯಲ್ಲಿ ಕಾರ್ಬಿಮಜೋಲ್ ಮತ್ತು ಲ್ಯೂಗಾಲ್ ಇಟ್ಟಿದ್ದೇವೆ, ಮೇಲೆ ಕೊಡುವ ಕ್ರಮ ಮತ್ತು ನಡುವಿನ ಒಂದು ಗಂಟೆ ದಪ್ಪ ಅಕ್ಷರದಲ್ಲಿ ಬರೆದಿದೆ. ಜ್ವರದ ರೋಗಿ ಎಷ್ಟೇ ಚಳಿ ಅಂದರೂ ಮಫ್ಲರ್ ಬಿಚ್ಚಿಸಿ ನೋಡುವುದು ನನಗೆ ಈಗ ರೂಢಿಯಾಗಿದೆ.

ಆಕೆಗೆ ಶಾಶ್ವತ ಪರಿಹಾರ ಬೇಕಿತ್ತು. ವಿಕಿರಣ ಅಯೋಡಿನ್ ಒಂದು ದಾರಿ. ಆದರೆ ಅಷ್ಟೊಂದು ಅಯೋಡಿನ್ ಕೊಟ್ಟಮೇಲೆ ಗ್ರಂಥಿ ಅದನ್ನು ಹೀರಲು ಎಷ್ಟೋ ವಾರ ಕಾಯಬೇಕು, ಜೊತೆಗೆ ಕಣ್ಣಿನ ತೊಂದರೆ ಹೆಚ್ಚಬಹುದು. ಕೊಯ್ಲು ಮುಗಿದು, ಹಾರ್ಮೋನ್ ಹತೋಟಿಗೆ ಬಂದಮೇಲೆ, ಮಳೆಗಾಲದಲ್ಲಿ ಮಂಗಳೂರಿನಲ್ಲಿ ಆಪರೇಷನ್ ಮಾಡಿ ಗ್ರಂಥಿ ಪೂರ್ತಿ ತೆಗೆದರು. ಕೆಲವು ವಾರ ಕ್ಯಾಲ್ಸಿಯಂ ಬೇಕಾಯಿತು, ಧ್ವನಿಗೆ ಏನೂ ಆಗಲಿಲ್ಲ.

ಗ್ರಂಥಿ ಇಲ್ಲದ ಮೇಲೆ ಆಕೆಗೂ ಈಗ ಜೀವನಪೂರ್ತಿ ಬೇಕಾಗಿರುವುದು ಥೈರಾಕ್ಸಿನ್ನೇ. ನವೆಂಬರಿನಲ್ಲಿ, ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ, ಅತ್ತಿಗೆ ನಾದಿನಿ ಇಬ್ಬರೂ ರಕ್ತ ಪರೀಕ್ಷೆಗೆ ಬಂದರು. ಮನೆಯಲ್ಲಿ ಉಳಿದಿದ್ದ ಕಾರ್ಬಿಮಜೋಲ್ ಸ್ಟ್ರಿಪ್‌ಗಳನ್ನು ತಂದು ಸಿಸ್ಟರ್ ಕೈಗೆ ಕೊಟ್ಟರು. ಮಗಳು ಶಾಲೆಯ ಲೇಬಲ್ ಅಂಟಿಸಿ "ಇಳಿಸೋ ಮಾತ್ರೆ" ಅಂತ ಬರೆದಿದ್ದ ಡಬ್ಬಿ ಸಮೇತ.

"ಹಂಗಾದ್ರೆ ಈಗ ನಮ್ಮಿಬ್ರದ್ದೂ ಒಂದೇ ಅಲ್ವಾ ಡಾಕ್ಟ್ರೆ?" ಅಂತ ನಾದಿನಿ ಕೇಳಿದರು. ಈ ಸಲ ಕೇಳಿ ತಿಳಿದುಕೊಳ್ಳಲೆಂದೇ ಬಂದಿದ್ದರು.

ಎರಡೂ ಬಾಟಲಿ ಮೇಜಿನ ಮೇಲಿಟ್ಟು ತಿರುಗಿಸಿ ತೋರಿಸಿದೆ. ಅವರದ್ದು 100. ಅತ್ತಿಗೆಯದ್ದು 75. ನಾದಿನಿ ಎರಡನ್ನೂ ಹತ್ತಿರ ಹಿಡಿದು ಅಂಕಿ ನೋಡಿದರು. ಜಡೆಯ ಕೊನೆಯಲ್ಲಿದ್ದ ಕೆಂಪು ಟೇಪು ಬಿಚ್ಚಿ, ಹಲ್ಲಿನಿಂದ ಒಂದು ತುಂಡು ಹರಿದು, ತಮ್ಮ ಬಾಟಲಿಯ ಕುತ್ತಿಗೆಗೆ ಕಟ್ಟಿದರು. ಇನ್ನೊಂದನ್ನು ಅತ್ತಿಗೆಯ ಚೀಲಕ್ಕೆ ಹಾಕಿದರು.